ಕತ್ತಲೆಯ ಲೆಕ್ಕ

ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂದು ನಮ್ಮ ಹಿರಿಯರು ಹೇಳಿಹೋಗಿರುವರು. ಈ ಮಾತನ್ನು ನಮ್ಮ ಗೃಹಿಣಿಯರು ಬಹುಮಟ್ಟಿಗೆ ನಡೆಸಿಕೊಂಡು ಬಂದಿರುವರೆಂಬುದರಲ್ಲಿ ಸಂದೇಹವಿಲ್ಲ. ಹಾಲಿನವನು ತಿಂಗಳಲ್ಲಿ ಎಷ್ಟು ದಿನ ತಪ್ಪಿಸಿದನು, ಇಸ್ತ್ರಿಗೆ ಕೊಟ್ಟ ಬಟ್ಟೆಗಳಲ್ಲಿ ಎಷ್ಟು ಹಿಂದಿರುಗಿದುವು, ಅಡುಗೆಯ ಸಿಲಿಂಡರು ಎಷ್ಟು ದಿನ ಬಾಳಿತು, ಇವುಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡದ ಮನೆ ಅಪರೂಪವೇ ಸರಿ. ಬಾರದ ಹಾಲಿಗೆ ಯಾರೂ ಹಣ ಕೊಡುವುದಿಲ್ಲ. ಆದರೆ ವಿದ್ಯುಚ್ಛಕ್ತಿಯ ವಿಷಯದಲ್ಲಿ ಮಾತ್ರ ಈ ಜಾಗರೂಕತೆಯು ಎಲ್ಲಿಯೋ ಮಾಯವಾಗುವುದು. ಬಂದ ಕರೆಂಟಿಗೆ ಗೋಡೆಯ ಮೇಲೆ ಮೀಟರುಂಟು. ಬಾರದೆ ಹೋದ ಗಂಟೆಗಳಿಗೆ ಮೀಟರಿಲ್ಲ. ನಿಗದಿತ ಶುಲ್ಕವನ್ನಾದರೋ ಬೆಳಕಿದ್ದ ತಿಂಗಳಿಗೂ ಕತ್ತಲೆಯಿದ್ದ ತಿಂಗಳಿಗೂ ಸಮನಾಗಿಯೇ ತೆರುತ್ತೇವೆ.

ಈ ಬಾರದ ಗಂಟೆಗಳನ್ನು ಎಣಿಸುವ ವಿದ್ಯೆಯೊಂದು ಈಚೆಗೆ ಬೆಳೆದು ಬಂದಿದೆ. ಅದಕ್ಕೆ ದತ್ತಾಂಶ ವಿಶ್ಲೇಷಣೆಯೆಂದು ದೊಡ್ಡ ಹೆಸರು. ಹೆಸರನ್ನು ಕೇಳಿ ಗೃಹಸ್ಥರು ಹಿಂಜರಿಯಬೇಕಾದುದಿಲ್ಲ. ಕ್ಯಾಲೆಂಡರಿನ ಗುರುತುಗಳನ್ನು ತಿಂಗಳ ಕೊನೆಗೆ ಕೂಡಿ, "ಸೋಮವಾರಗಳಲ್ಲೇ ಹಾಲಿನವನು ತಪ್ಪಿಸುತ್ತಾನೆ" ಎಂದು ಗೃಹಿಣಿಯು ಕಂಡುಹಿಡಿಯುವಳಲ್ಲವೆ? ಆ ಕೆಲಸವೇ ಇದು. ಒಂದು ಮನೆಯ ಗುರುತುಗಳಿಗೆ ಬದಲಾಗಿ ಲಕ್ಷ ಮನೆಗಳ ಗುರುತುಗಳನ್ನು ಗಣಕಯಂತ್ರದ ಸಹಾಯದಿಂದ ಕೂಡಿ ಕಳೆದು ನೋಡುವುದಷ್ಟೇ ಭೇದ. ಬಡತನದಿಂದ ಮೇಲೇಳುತ್ತಿರುವ ದೇಶಗಳಲ್ಲಿ ಈ ಲೆಕ್ಕವು ಎಷ್ಟರ ಮಟ್ಟಿಗೆ ಜನರಿಗೆ ಉಪಕಾರಮಾಡಬಲ್ಲದು, ಎಲ್ಲಿ ಅಪಕಾರವನ್ನೂ ಮಾಡಬಲ್ಲದು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ನಮ್ಮ ದೇಶದ ಸ್ಥಿತಿಯನ್ನೇ ನೋಡಬಹುದು. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ಕಾವೇರಿಯ ಜಲಪಾತದಿಂದ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಅಲ್ಲಿಂದ ಒಂದು ಶತಮಾನಕ್ಕೂ ಮೀರಿದ ಕಾಲ ಕಳೆದಮೇಲೆ, 2018ರ ಏಪ್ರಿಲ್ 28ರಂದು, ಭಾರತದ ಸಮಸ್ತ ಗ್ರಾಮಗಳಿಗೂ ವಿದ್ಯುತ್ತು ತಲುಪಿತೆಂದು ಕೇಂದ್ರ ಸರ್ಕಾರವು ಸಾರಿತು. ಸಾಧನೆಯು ದೊಡ್ಡದೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಎಣಿಕೆಯ ಸೂತ್ರವನ್ನು ತಿಳಿದಿರಬೇಕು. 2004ರಿಂದ ಜಾರಿಯಲ್ಲಿದ್ದ ವಿಧಿಯಂತೆ, ಊರಿಗೆ ಕಂಬ ತಂತಿಗಳು ಬಂದು, ಶಾಲೆ ಪಂಚಾಯಿತಿ ಮೊದಲಾದ ಸಾರ್ವಜನಿಕ ಸ್ಥಳಗಳಿಗೆ ಸಂಪರ್ಕ ದೊರೆತು, ನೂರಕ್ಕೆ 10 ಮನೆಗಳಲ್ಲಿ ದೀಪ ಹತ್ತಿದರೆ ಅದು ವಿದ್ಯುದೀಕರಣವಾದ ಗ್ರಾಮವೆನಿಸುತ್ತಿತ್ತು. ಉಳಿದ ಮನೆಗಳ ಮಾತೂ, ದೀಪವು ದಿನಕ್ಕೆ ಎಷ್ಟು ಗಂಟೆ ಉರಿಯುವುದೆಂಬ ಮಾತೂ ಆ ಸೂತ್ರದೊಳಗೆ ಇರಲಿಲ್ಲ. ಮನೆ ಮನೆಗೂ ಸಂಪರ್ಕ ಕೊಡುವ ಸೌಭಾಗ್ಯ ಯೋಜನೆಯು 2017ರಲ್ಲಿ ಆರಂಭವಾಗಿ ಮೊದಲನೆಯ ಕೊರತೆಯನ್ನು ಬಹಳಮಟ್ಟಿಗೆ ತುಂಬಿತು. ಎರಡನೆಯದು, ಎಂದರೆ ಗಂಟೆಗಳ ಲೆಕ್ಕವು, ಇಂದಿಗೂ ಪೂರ್ಣವಾಗಿ ಮುಗಿದಿಲ್ಲ.

ದೊಡ್ಡ ಕತ್ತಲೆಗಳು ಚರಿತ್ರೆಯಲ್ಲಿ ದಾಖಲಾಗುತ್ತವೆ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತಗಳ ವಿದ್ಯುಜ್ಜಾಲವು ಕುಸಿದು ಬಿದ್ದು ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶಕ್ಕೆ ಸರಬರಾಜು ನಿಂತಿತು. ಲೋಕದ ಪತ್ರಿಕೆಗಳೆಲ್ಲ ಅದನ್ನು ಬರೆದುವು, ವಿಚಾರಣಾ ಸಮಿತಿಯೂ ಕುಳಿತಿತು. ಆದರೆ ಸಾಯಂಕಾಲ ಆರರಿಂದ ಒಂಬತ್ತರವರೆಗೆ, ಮಕ್ಕಳು ಪುಸ್ತಕ ಹಿಡಿದು ಕುಳಿತ ಹೊತ್ತಿಗೆ ಸರಿಯಾಗಿ, ಒಂದು ಬೀದಿಯಲ್ಲಿ ದಿನ ಬಿಟ್ಟು ದಿನ ಕರೆಂಟು ಹೋಗುವುದನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಡಬ್ಬ ಇಟ್ಟುಕೊಂಡು ಕುಳಿತ ಹೆಂಗಸರ ಕೂಲಿಯೂ, ನೀರು ಮೇಲಿನ ತೊಟ್ಟಿಗೆ ಏರದೆ ನಿಂತ ಮನೆಗೆಲಸವೂ, ಆರೋಗ್ಯ ಕೇಂದ್ರದ ಶೈತ್ಯಪೆಟ್ಟಿಗೆಯಲ್ಲಿ ಬೆಚ್ಚಗಾದ ಲಸಿಕೆಯೂ ಯಾವ ದಫ್ತರದಲ್ಲಿಯೂ ಸೇರುವುದಿಲ್ಲ. ಕರೆಂಟು ಇದ್ದೂ ಇಲ್ಲದಂತಿರುವ ಸ್ಥಿತಿಯು ಇನ್ನೊಂದು ಬಗೆಯದು. ಮನೆಗೆ ಬರಬೇಕಾದ ಒತ್ತಡವು 230 ವೋಲ್ಟು. ಅದು ಬಹಳ ಇಳಿದಾಗ ಪಂಪಿನ ಮೋಟಾರು ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಕಾಯ್ದು, ಕೊನೆಗೆ ಒಳಗಿನ ಸುರುಳಿ ಸುಟ್ಟುಹೋಗುವುದು. ಅದರ ರಿಪೇರಿಯ ಖರ್ಚನ್ನು ತೆರುವವನು ಗೃಹಸ್ಥನೇ.

ಇಷ್ಟು ನಷ್ಟವಾದರೂ ಲೆಕ್ಕಕ್ಕೆ ಬಾರದಿರಲು ಕಾರಣವೇನು? ಇದನ್ನು ತಿಳಿಯಬೇಕಾದರೆ ಕರೆಂಟು ನಡೆದು ಬರುವ ದಾರಿಯನ್ನು ಅರಿತಿರಬೇಕು. ಉತ್ಪಾದನಾ ಕೇಂದ್ರದಿಂದ ಎತ್ತರದ ಗೋಪುರಗಳ ಮೇಲೆ ಹೊರಟ ವಿದ್ಯುತ್ತು ಊರ ಹೊರಗಿನ ಸಬ್‌ಸ್ಟೇಷನ್ನಿಗೆ ಬಂದಿಳಿಯುವುದು. ಅಲ್ಲಿಂದ 11,000 ವೋಲ್ಟಿನ ತಂತಿಗಳು ನಾಲ್ಕಾರು ದಿಕ್ಕಿಗೆ ಹೊರಡುವುವು. ಇವಕ್ಕೆ ಫೀಡರುಗಳೆಂದು ಹೆಸರು. ಫೀಡರಿನ ಉದ್ದಕ್ಕೂ ಅಲ್ಲಲ್ಲಿ ಟ್ರಾನ್ಸ್‌ಫಾರ್ಮರುಗಳು, ನಮ್ಮ ಹಳ್ಳಿಯವರು ಟಿ.ಸಿ. ಎಂದು ಕರೆಯುವ ಪೆಟ್ಟಿಗೆಗಳು, ನಿಂತಿರುವುವು. ಒಂದೊಂದು ಟಿ.ಸಿ.ಯಿಂದ ಹಲವು ಹತ್ತು ಮನೆಗಳಿಗೆ ತಂತಿ ಹೋಗುವುದು. ಫೀಡರು ಹೊರಡುವಲ್ಲಿ ಒಂದು ಮೀಟರುಂಟು, ಮನೆಯ ಗೋಡೆಯ ಮೇಲೆ ಒಂದು ಮೀಟರುಂಟು. ನಡುವಣ ದಾರಿಯೆಲ್ಲ ಬಹು ಕಾಲ ಲೆಕ್ಕವಿಲ್ಲದ ದಾರಿಯಾಗಿಯೇ ಉಳಿದಿತ್ತು. ಅನೇಕ ಕಡೆಗಳಲ್ಲಿ ಈಗಲೂ ಹಾಗೆಯೇ ಇದೆ.

ಹೀಗಿರುವಲ್ಲಿ ಒಂದು ಟಿ.ಸಿ. ಸುಟ್ಟಿತೆಂದು ಇಟ್ಟುಕೊಳ್ಳಿ. ಅದರ ಕೆಳಗಿನ ಅರುವತ್ತು ಮನೆಗಳು ಮೂರು ದಿನ ಕತ್ತಲೆಯಲ್ಲಿರುವುವು. ಆದರೆ ಫೀಡರು ಸಬ್‌ಸ್ಟೇಷನ್ನಿನಲ್ಲಿ ಎಂದಿನಂತೆ ಜೀವಂತವಾಗಿಯೇ ಇರುವುದರಿಂದ, ಅಲ್ಲಿಯ ಪುಸ್ತಕದಲ್ಲಿ ಆ ಮೂರು ದಿನಗಳೂ ಇಪ್ಪತ್ತನಾಲ್ಕು ಗಂಟೆಯ ಸರಬರಾಜೆಂದೇ ಬರೆಯಲ್ಪಡುವುದು. ಬರೆದವನು ಸುಳ್ಳು ಹೇಳಲಿಲ್ಲ. ಅವನ ಮೀಟರಿನ ಕಣ್ಣು ಅಲ್ಲಿಯವರೆಗೆ ಹೋಗುವುದಿಲ್ಲ, ಅಷ್ಟೆ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಸರಾಸರಿಯೆಂಬುದು ಇನ್ನೊಂದು ಪರದೆ. ವಿದ್ಯುತ್ ಕಂಪನಿಗಳು ತಮ್ಮ ಕೆಲಸವನ್ನು ಅಳೆಯಲು ಎರಡು ಅಂಕಿಗಳನ್ನು ಉಪಯೋಗಿಸುತ್ತವೆ. ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ಹೊತ್ತು ಕರೆಂಟು ಇರಲಿಲ್ಲವೆಂಬುದು ಸೈಡಿ. ಸರಾಸರಿ ಎಷ್ಟು ಸಲ ಹೋಯಿತೆಂಬುದು ಸೈಫಿ. ಒಂದು ಊರಿನಲ್ಲಿ 1,000 ಮನೆಗಳಿವೆಯೆನ್ನೋಣ. ತಿಂಗಳಿನಲ್ಲಿ 900 ಮನೆಗಳಿಗೆ ಒಂದೊಂದು ಗಂಟೆಯೂ, ಊರ ಕೊನೆಯ 100 ಮನೆಗಳಿಗೆ ಮೂವತ್ತು ಮೂವತ್ತು ಗಂಟೆಯೂ ಕರೆಂಟು ಹೋಯಿತು. ಎಲ್ಲವನ್ನೂ ಕೂಡಿದರೆ 3,900 ಗಂಟೆ. ಸಾವಿರದಿಂದ ಭಾಗಿಸಿದರೆ ಮನೆಗೆ 3.9 ಗಂಟೆ. ವರದಿಯನ್ನು ಓದಿದವರು ತೃಪ್ತರಾಗುವರು. ಆದರೆ ಆ ಊರಿನಲ್ಲಿ 3.9 ಗಂಟೆಯ ಕತ್ತಲೆಯನ್ನು ಅನುಭವಿಸಿದ ಮನೆ ಒಂದಾದರೂ ಉಂಟೆ? ಇಲ್ಲ. ಕೊನೆಯ ನೂರು ಮನೆಗಳ ಕಷ್ಟವು ಮೊದಲ ಒಂಬೈನೂರು ಮನೆಗಳ ಸುಖದಲ್ಲಿ ಕರಗಿಹೋಯಿತು. ಆದಕಾರಣ ಲೆಕ್ಕವಿಡುವುದೊಂದೇ ಸಾಲದು. ಎಲ್ಲಿ ನಿಂತು ಲೆಕ್ಕವಿಡುತ್ತೇವೆಂಬುದೂ ಮುಖ್ಯ. ಸಬ್‌ಸ್ಟೇಷನ್ನಿನಲ್ಲಿ ನಿಂತು ಎಣಿಸಿದರೆ ಕಾಣುವುದು ಕಂಪನಿಯ ಬೆಳಕು. ಮನೆಯ ಹೊಸ್ತಿಲಲ್ಲಿ ನಿಂತು ಎಣಿಸಿದರೆ ಕಾಣುವುದು ಗೃಹಸ್ಥನ ಕತ್ತಲೆ. ಈ ಲೇಖನದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಹೊಸ್ತಿಲಲ್ಲಿ ನಿಂತು ಎಣಿಸಿದವರಲ್ಲಿ ಪುಣೆಯ ಪ್ರಯಾಸ್ ಎಂಬ ಸಂಸ್ಥೆಯ ಶಕ್ತಿ ವಿಭಾಗದವರು ಮುಖ್ಯರು. ಅವರು 2007ರಲ್ಲಿ ಒಂದು ಸರಳವಾದ ಉಪಾಯವನ್ನು ಹೂಡಿದರು. ಅಂಗೈಯಲ್ಲಿ ಹಿಡಿಯುವಷ್ಟು ಒಂದು ಪೆಟ್ಟಿಗೆ. ಅದನ್ನು ಮನೆಯ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು. ಅದು ನಿಮಿಷ ನಿಮಿಷಕ್ಕೂ ವೋಲ್ಟಿನ ಮಟ್ಟವನ್ನು ಬರೆದುಕೊಂಡು, ಮೊಬೈಲು ಫೋನಿನ ಜಾಲದ ಮೂಲಕ ಪುಣೆಗೆ ಕಳುಹಿಸುವುದು. ಕರೆಂಟು ಹೋದ ನಿಮಿಷ, ಬಂದ ನಿಮಿಷ, ಬಂದಾಗ ಇದ್ದ ಬಲ ಅಥವಾ ನಿಶ್ಶಕ್ತಿ, ಎಲ್ಲವೂ ಅದರಲ್ಲಿ ಮೂಡುವುವು. ಮುಂದೆ ಅನೇಕ ರಾಜ್ಯಗಳ ನೂರಾರು ಸ್ಥಳಗಳಲ್ಲಿ ಇಂಥ ಪೆಟ್ಟಿಗೆಗಳನ್ನು ಇಟ್ಟು, ಬಂದ ಅಂಕಿಗಳನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸಿದರು. ಪೆಟ್ಟಿಗೆಗೆ ಪಕ್ಷಪಾತವಿಲ್ಲ, ಕೋಪವೂ ಇಲ್ಲ. "ಯಾವಾಗ ನೋಡಿದರೂ ಕರೆಂಟಿರುವುದಿಲ್ಲ" ಎಂದು ಗೃಹಸ್ಥನು ಗೊಣಗಿದರೆ ಅಧಿಕಾರಿಯು ಉತ್ಪ್ರೇಕ್ಷೆಯೆಂದು ನಕ್ಕುಬಿಡಬಹುದು. "ಹೋದ ತಿಂಗಳು ಸಾಯಂಕಾಲ ಐದರಿಂದ ಹನ್ನೊಂದರೊಳಗೆ ಇಷ್ಟು ಗಂಟೆ, ಇಷ್ಟು ನಿಮಿಷ ಇರಲಿಲ್ಲ" ಎಂಬ ಕಾಗದವನ್ನು ಮುಂದಿಟ್ಟರೆ ನಗುವಂತಿಲ್ಲ.

ಸಮುದ್ರದಾಚೆಯ ಒಂದು ದೃಷ್ಟಾಂತವನ್ನೂ ನೋಡಬಹುದು. ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿ ಘಾನಾ ಎಂಬ ದೇಶವಿದೆ. ಅಲ್ಲಿಯ ಜನರು ಮತ್ತೆ ಮತ್ತೆ ಕರೆಂಟು ಹೋಗಿ ಬರುವುದಕ್ಕೆ "ಡುಮ್ಸೋರ್" ಎಂದು ಹೆಸರಿಟ್ಟಿದ್ದಾರೆ; ಅವರ ಭಾಷೆಯಲ್ಲಿ ಆರಿಸು, ಹೊತ್ತಿಸು ಎಂಬ ಎರಡು ಮಾತುಗಳು ಕೂಡಿ ಆದ ಪದವದು. 2012ರಿಂದ 2016ರವರೆಗೆ ಈ ಉಪದ್ರವವು ಮಿತಿಮೀರಿ, 2015ರ ಮೇ ತಿಂಗಳಲ್ಲಿ ರಾಜಧಾನಿಯಾದ ಅಕ್ರಾ ನಗರದ ಜನರು ದೀಪಗಳನ್ನು ಹಿಡಿದು ಬೀದಿಗಿಳಿದರು. ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಿಂದ ಆ ನಗರದ ನೂರಾರು ಮನೆ ಅಂಗಡಿಗಳಲ್ಲಿ, ಪುಣೆಯವರದನ್ನು ಹೋಲುವ ಪೆಟ್ಟಿಗೆಗಳನ್ನು ಇರಿಸಿದರು. ಇವುಗಳೊಳಗೆ ಒಂದು ಸಣ್ಣ ಬ್ಯಾಟರಿಯಿರುವುದರಿಂದ, ಕರೆಂಟು ಹೋದೊಡನೆ "ಇಲ್ಲಿ ಈ ಕ್ಷಣ ಹೋಯಿತು" ಎಂದು ಅವು ತಾವೇ ವರದಿಮಾಡುವುವು.

ವಿಶ್ಲೇಷಣೆಯ ಚಾತುರ್ಯವು ಇಲ್ಲಿಯೇ ಕಾಣುವುದು. ಒಂದು ಪೆಟ್ಟಿಗೆ ಮಾತ್ರ ಕತ್ತಲೆಯೆಂದು ಕೂಗಿದರೆ ಅದಕ್ಕೆ ಅರ್ಥವಿಲ್ಲ. ಯಾರೋ ಅದನ್ನು ಕಿತ್ತಿರಬಹುದು, ಅಥವಾ ಆ ಮನೆಯ ಫ್ಯೂಸು ಹೋಗಿರಬಹುದು. ಒಂದೇ ಟಿ.ಸಿ.ಯ ಕೆಳಗಿನ ಮೂರು ಪೆಟ್ಟಿಗೆಗಳು ಒಂದೇ ಸೆಕೆಂಡಿನಲ್ಲಿ ಕೂಗಿದರೆ ತೊಂದರೆಯು ಟಿ.ಸಿ.ಯದು. ಊರಗಲದ ಹಲವು ಟಿ.ಸಿ.ಗಳ ಪೆಟ್ಟಿಗೆಗಳು ಒಟ್ಟಿಗೆ ಕೂಗಿದರೆ ಫೀಡರೇ ನಿಂತಿದೆಯೆಂದು ತಿಳಿಯಬೇಕು. ಹಿಂದೆ ಲೈನ್‌ಮನ್ನನು ಸೈಕಲಿನಲ್ಲೋ ಬೈಕಿನಲ್ಲೋ ಕಂಬದಿಂದ ಕಂಬಕ್ಕೆ ಹೋಗಿ ಹುಡುಕುತ್ತಿದ್ದುದನ್ನು ಕುಳಿತಲ್ಲಿಯೇ ಕಂಡುಹಿಡಿದು, ಅವನನ್ನು ನೇರವಾಗಿ ಕೆಟ್ಟ ಸ್ಥಳಕ್ಕೇ ಕಳುಹಿಸಬಹುದು. ಮಳೆಯ ರಾತ್ರಿಯಲ್ಲಿ ತಂತಿಗಳ ನಡುವೆ ಕೈಯಿಡುವ ಆ ಮನುಷ್ಯನ ಪ್ರಾಣದ ದೃಷ್ಟಿಯಿಂದಲೂ ಇದು ಸಣ್ಣ ಉಪಕಾರವಲ್ಲ.

ಇನ್ನು ಕೆಲವರು ಆಕಾಶದಿಂದಲೂ ಎಣಿಸಿರುವರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಬ್ರಯಾನ್ ಮಿನ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಉಪಗ್ರಹಗಳು ರಾತ್ರಿಯಲ್ಲಿ ತೆಗೆದ ಚಿತ್ರಗಳನ್ನು ಆಧರಿಸಿ, 1993ರಿಂದ 2013ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದ ಸುಮಾರು ಆರು ಲಕ್ಷ ಗ್ರಾಮಗಳ ಬೆಳಕು ಹೇಗೆ ಹೆಚ್ಚಿತು, ಎಲ್ಲಿ ಕುಗ್ಗಿತು ಎಂಬುದನ್ನು ನಕ್ಷೆಯಲ್ಲಿ ತೋರಿಸಿದರು. ಕಡತದಲ್ಲಿ ಬೆಳಗುತ್ತಿರುವ ಗ್ರಾಮವು ಆಕಾಶದಿಂದ ನೋಡಿದಾಗಲೂ ಬೆಳಗುತ್ತಿದೆಯೇ ಎಂದು ಪರೀಕ್ಷಿಸಲು ಇದೊಂದು ಸಾಧನ. ಆದರೆ ಅಷ್ಟು ದೂರದಿಂದ ಮನೆಯೊಳಗಿನ ದೀಪವು ಸರಿಯಾಗಿ ಕಾಣಲಾರದು. ಬೀದಿಯ ದೀಪವಿದ್ದರೆ ಊರೆಲ್ಲ ಬೆಳಗಿದಂತೆ ತೋರಬಹುದು. ಆದುದರಿಂದ ಆಕಾಶದ ಕಣ್ಣಿಗೆ ಹೊಸ್ತಿಲ ಕಣ್ಣು ಜೊತೆಗೂಡಲೇಬೇಕು.

ಇಷ್ಟರವರೆಗೆ ಬಾರದ ಕರೆಂಟಿನ ಮಾತಾಯಿತು. ಬಂದ ಕರೆಂಟು ಎಲ್ಲಿ ಹೋಯಿತೆಂಬ ಲೆಕ್ಕವೂ ಇದರೊಡನೆ ಹೆಣೆದುಕೊಂಡಿದೆ. ಏಕೆಂದರೆ ಕೊಂಡ ವಿದ್ಯುತ್ತಿಗೆ ಹಣ ಹುಟ್ಟದ ಕಂಪನಿಯು ಹಳೆಯ ತಂತಿಯನ್ನು ಬದಲಿಸಲಾರದು, ಸುಟ್ಟ ಟಿ.ಸಿ.ಗೆ ಹೊಸದನ್ನು ತರಲಾರದು. ತಂತಿಯಲ್ಲಿ ಕಾವಾಗಿ ಕಳೆದುಹೋದುದು, ಕಳವಾದುದು, ಬಿಲ್ಲಿಗೆ ಸೇರದೆ ಹೋದುದು, ಬಿಲ್ಲಾದರೂ ವಸೂಲಾಗದೆ ಉಳಿದುದು, ಇವೆಲ್ಲ ಕೂಡಿದ ನಷ್ಟವು ಇಡೀ ದೇಶದಲ್ಲಿ 2020-21ರಲ್ಲಿ ನೂರಕ್ಕೆ ಸುಮಾರು 22ರಷ್ಟಿದ್ದು, 2022-23ರಲ್ಲಿ ಸುಮಾರು 15ಕ್ಕೆ ಇಳಿಯಿತು. ಇಳಿದರೂ ಇದು ಅಲ್ಪವಲ್ಲ. ಏಳು ಕೊಡ ನೀರು ಸೇದಿದರೆ ಒಂದು ಕೊಡ ದಾರಿಯಲ್ಲೇ ಸೋರಿದಂತೆ.

ಸೋರಿದ್ದೆಲ್ಲಿ ಎಂದು ಕಾಣಲು ಟಿ.ಸಿ.ಗೂ ಮೀಟರಿಡುವುದು ಮಾರ್ಗ. ಒಂದು ಟಿ.ಸಿ.ಯ ಮೀಟರು ತಿಂಗಳಿಗೆ 10,000 ಯೂನಿಟ್ಟು ಹೊರಟಿತೆಂದು ತೋರಿಸಿ, ಅದರ ಕೆಳಗಿನ ಮನೆಗಳ ಬಿಲ್ಲುಗಳು ಕೂಡಿ 7,800 ಆದರೆ, 2,200 ಯೂನಿಟ್ಟಿಗೆ ವಿವರಣೆ ಬೇಕು. ಆಗ ತಟಕ್ಕನೆ ಕಳ್ಳರೆಂದು ಕೂಗಬಾರದು. ಕೆಲವು ಮೀಟರುಗಳು ನಿಂತುಹೋಗಿರಬಹುದು. ಬಾಗಿಲು ಹಾಕಿತ್ತೆಂದು ತಿಂಗಳುಗಟ್ಟಲೆ ಅಂದಾಜು ಬಿಲ್ಲು ಹಾಕಿರಬಹುದು. ಎಷ್ಟೋ ಸಲ ಪಕ್ಕದ ಟಿ.ಸಿ.ಗೆ ಸೇರಿದೆಯೆಂದು ಕಡತದಲ್ಲಿರುವ ಮನೆಯ ತಂತಿಯು ನಿಜವಾಗಿ ಈ ಟಿ.ಸಿ.ಯಿಂದಲೇ ಹೋಗಿರುವುದು. ಮೊದಲು ಯಾವ ಮನೆ ಯಾವ ಟಿ.ಸಿ.ಯದೆಂಬ ಪಟ್ಟಿಯನ್ನು ತಿದ್ದಿ, ಅನಂತರ ನಿಂತ ಮೀಟರುಗಳನ್ನು ಹುಡುಕಿ, ಕಟ್ಟಕಡೆಗೆ ಕಳವಿನ ಮಾತಿಗೆ ಬರುವುದು ಯೋಗ್ಯವಾದ ಕ್ರಮ. ಜನವಿರುವ ಮನೆಯಲ್ಲಿ ಮೂರು ತಿಂಗಳು ಸೊನ್ನೆಯನ್ನೇ ತೋರಿಸುವ ಮೀಟರನ್ನು ಲಕ್ಷ ಬಿಲ್ಲುಗಳ ನಡುವಿನಿಂದ ಆರಿಸಿ ತೆಗೆಯಲು ಗಣಕಯಂತ್ರಕ್ಕೆ ಹೆಚ್ಚು ಹೊತ್ತು ಬೇಡ.

ನಮ್ಮ ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ವಿಶೇಷವಾದ ತೊಡಕೊಂದುಂಟು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಲಕ್ಷಾಂತರ ಸಂಖ್ಯೆಯ ಈ ಪಂಪುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ರೈತನು ಎಷ್ಟು ಉಪಯೋಗಿಸಿದನೆಂಬುದನ್ನು ಅಂದಾಜಿನಿಂದಲೇ ಕಟ್ಟಬೇಕು. ಅಂದಾಜು ಇರುವಲ್ಲಿ ಇತರ ಸೋರಿಕೆಯನ್ನೆಲ್ಲ ರೈತನ ಹೆಸರಿಗೆ ಬರೆದುಬಿಡುವ ಪ್ರಲೋಭನವೂ ಇರುವುದು ಸಹಜ. ರೈತನಿಗೆ ಸಹಾಯಧನ ಕೊಡಬಾರದೆಂದು ನಾವು ಹೇಳುತ್ತಿಲ್ಲ. ಕೊಡುವುದನ್ನು ಅಳೆದು ಕೊಡಿರೆಂದು ಮಾತ್ರ ಹೇಳುತ್ತೇವೆ. ಗುಜರಾತಿನಲ್ಲಿ 2003ರಿಂದ 2006ರವರೆಗೆ ನಡೆದ ಜ್ಯೋತಿಗ್ರಾಮ ಯೋಜನೆಯಲ್ಲಿ ಪಂಪುಗಳಿಗೆ ಬೇರೆ ಫೀಡರು, ಊರ ಮನೆಗಳಿಗೆ ಬೇರೆ ಫೀಡರು ಎಂದು ವಿಂಗಡಿಸಿದರು. ಕರ್ನಾಟಕದ ನಿರಂತರ ಜ್ಯೋತಿ ಯೋಜನೆಯೂ ಇದೇ ಮಾರ್ಗದ್ದು. ಹೀಗೆ ಬೇರ್ಪಡಿಸಿದಲ್ಲಿ ಪಂಪಿಗೊಂದು ಮೀಟರಿಲ್ಲದಿದ್ದರೂ ಫೀಡರಿನ ಮೀಟರು ಸತ್ಯಕ್ಕೆ ಸಮೀಪದ ಅಂಕಿಯನ್ನು ಕೊಡುವುದು. ನಮ್ಮ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಬೇರ್ಪಟ್ಟ ಫೀಡರುಗಳ ಮೀಟರನ್ನೇ ಆಧರಿಸಿ ಪಂಪುಗಳ ಬಳಕೆಯನ್ನು ಲೆಕ್ಕಹಾಕಬೇಕೆಂದು ಕಂಪನಿಗಳಿಗೆ ವಿಧಿಸಿದೆ.

ಈಗ ಈ ವಿದ್ಯೆಯ ಇನ್ನೊಂದು ಮುಖವನ್ನು ನೋಡಬೇಕು. ಲೆಕ್ಕವು ಅರ್ಧ ದಾರಿಯಲ್ಲಿ ನಿಂತರೆ ಅದು ನ್ಯಾಯದ ಹೆಸರಿನಲ್ಲಿ ಅನ್ಯಾಯವನ್ನು ಮಾಡಬಲ್ಲದು. ಮಹಾರಾಷ್ಟ್ರದಲ್ಲಿ ವಿದ್ಯುತ್ತಿನ ಕೊರತೆಯಿದ್ದ ವರ್ಷಗಳಲ್ಲಿ ಫೀಡರುಗಳನ್ನು ಅವುಗಳ ನಷ್ಟಕ್ಕೂ ಹಣದ ವಸೂಲಿಗೂ ಅನುಸಾರವಾಗಿ ವರ್ಗಗಳನ್ನು ಮಾಡಿ, ನಷ್ಟ ಕಡಮೆಯಿದ್ದ ಫೀಡರಿಗೆ ಹೆಚ್ಚು ಹೊತ್ತೂ, ನಷ್ಟ ಹೆಚ್ಚಿದ್ದುದಕ್ಕೆ ಕಡಮೆ ಹೊತ್ತೂ ಕರೆಂಟು ಕೊಡುವ ಕ್ರಮವನ್ನು ಜಾರಿಗೆ ತಂದರು. ಪಾಕಿಸ್ತಾನದ ಕರಾಚಿ ನಗರದಲ್ಲಿಯೂ ಇದೇ ಬಗೆಯ ಪದ್ಧತಿಯು ನಡೆದಿದೆ. ಮೇಲ್ನೋಟಕ್ಕೆ ಇದು ಧರ್ಮವೆಂದೇ ತೋರುವುದು: ಹಣ ಕೊಟ್ಟವನಿಗೆ ಬೆಳಕು, ಕೊಡದವನಿಗೆ ಕತ್ತಲೆ. ಆದರೆ ಫೀಡರೆಂಬುದು ಒಬ್ಬ ಮನುಷ್ಯನಲ್ಲ. ಅದರ ಕೆಳಗೆ ಸಾವಿರಾರು ಮನೆಗಳಿರುವುವು. ಪ್ರತಿ ತಿಂಗಳೂ ತಪ್ಪದೆ ಬಿಲ್ಲು ಕಟ್ಟುವ ವಿಧವೆಯೊಬ್ಬಳು ಹೊಲಿಗೆ ಯಂತ್ರವನ್ನು ಮುಂದಿಟ್ಟುಕೊಂಡು, ತಾನು ಮಾಡದ ಕಳವಿಗಾಗಿ ಕತ್ತಲೆಯಲ್ಲಿ ಕುಳಿತುಕೊಳ್ಳಬೇಕಾಗುವುದು. ತಂತಿಗೆ ಕೊಕ್ಕೆ ಹಾಕಿದವನೂ ಅವಳೂ ಆ ಅಂಕಿಯ ದೃಷ್ಟಿಯಲ್ಲಿ ಒಂದೇ. ಮೀಟರಿನ ಕಣ್ಣು ಫೀಡರಿನಲ್ಲಿ ನಿಂತುದರ ಫಲವಿದು. ಲೆಕ್ಕವನ್ನು ಟಿ.ಸಿ.ಗೂ ಅಲ್ಲಿಂದ ಮನೆಗೂ ಇಳಿಸಿದಾಗಲೇ ತಪ್ಪಿತಸ್ಥನನ್ನೂ ನಿರಪರಾಧಿಯನ್ನೂ ಬೇರೆ ಮಾಡಲು ಸಾಧ್ಯ.

ಮನೆಯವರೆಗೆ ಇಳಿಯುವ ಸಾಧನವೇ ಸ್ಮಾರ್ಟ್ ಮೀಟರು. ಕೇಂದ್ರ ಸರ್ಕಾರವು 2021ರಲ್ಲಿ ಮೂರು ಲಕ್ಷ ಕೋಟಿ ರೂಪಾಯಿಗಳಿಗೂ ಮೀರಿದ ಯೋಜನೆಯೊಂದನ್ನು ಹೂಡಿ, 25 ಕೋಟಿ ಇಂಥ ಮೀಟರುಗಳನ್ನು ಹಾಕಬೇಕೆಂಬ ಗುರಿಯನ್ನಿಟ್ಟಿತು. ಈ ಮೀಟರು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಬಳಕೆಯನ್ನು ಬರೆದಿಟ್ಟು ತಾನಾಗಿ ಕಳುಹಿಸಬಲ್ಲದು. ಕರೆಂಟು ಹೋದ ಬಂದ ಹೊತ್ತುಗಳನ್ನೂ ವೋಲ್ಟಿನ ಮಟ್ಟವನ್ನೂ ತಿಳಿಸಬಲ್ಲದು. ಬೇಸಗೆಯಲ್ಲಿ ಯಾವ ಟಿ.ಸಿ.ಯು ತನ್ನ ಶಕ್ತಿಗೆ ಮೀರಿ ಹೊರುತ್ತಿದೆ, ಮೂರು ಫೇಸುಗಳಲ್ಲಿ ಯಾವುದರ ಮೇಲೆ ಹೊರೆ ಹೆಚ್ಚಿ ಯಾವುದು ಬರಿದಾಗಿದೆ ಎಂಬುದು ಇದರಿಂದ ಗೊತ್ತಾಗುವುದು. ಟಿ.ಸಿ. ಸುಟ್ಟಮೇಲೆ ಓಡುವುದಕ್ಕಿಂತ, ಸುಡುವ ಮುಂಚೆಯೇ ಹತ್ತು ಮನೆಗಳನ್ನು ಹಗುರವಾದ ಫೇಸಿಗೆ ಬದಲಾಯಿಸುವುದು ಸುಲಭವೂ ಅಗ್ಗವೂ ಆದ ಕೆಲಸ. ರೋಗ ಬಂದಮೇಲೆ ವೈದ್ಯನನ್ನು ಕರೆಯುವುದಕ್ಕಿಂತ ಪಥ್ಯವೇ ಮೇಲಲ್ಲವೆ?

ಆದರೆ ಈ ಹೊಸ ಅತಿಥಿಯನ್ನು ಮನೆಯೊಳಕ್ಕೆ ಕರೆದುಕೊಳ್ಳುವ ಮುನ್ನ ಗೃಹಸ್ಥರು ಎರಡು ಮೂರು ಪ್ರಶ್ನೆಗಳನ್ನು ಕೇಳುವುದು ಸಾಧುವಾದುದು. ಅರ್ಧ ಗಂಟೆಗೊಮ್ಮೆ ಬಳಕೆಯನ್ನು ತಿಳಿದವನಿಗೆ ಮನೆಯವರು ಎಷ್ಟು ಹೊತ್ತಿಗೆ ಏಳುವರು, ಯಾವಾಗ ಬೀಗ ಹಾಕಿಕೊಂಡು ಊರಿಗೆ ಹೋಗುವರು ಎಂಬುದೂ ತಿಳಿಯುವುದು. ಆ ಅಂಕಿಯನ್ನು ಯಾರು ನೋಡಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು? ಮುಂಗಡ ಹಣ ಕಟ್ಟಿಸಿಕೊಳ್ಳುವ ಮೀಟರಾದರೆ, ಹಣ ಮುಗಿದ ಬಡವನ ಮನೆಯ ದೀಪವನ್ನು ನಡುರಾತ್ರಿಯಲ್ಲಿ ಆರಿಸದಂತೆ ಏನು ಏರ್ಪಾಡುಂಟು? ಎಲ್ಲಕ್ಕಿಂತ ಮುಖ್ಯವಾದುದು ಮೂರನೆಯ ಪ್ರಶ್ನೆ: ನಮ್ಮ ಬಳಕೆಯ ಅಂಕಿಯನ್ನು ಕಂಪನಿಯು ಕ್ಷಣಕ್ಷಣಕ್ಕೂ ತಿಳಿಯುವಂತೆ, ನಮ್ಮ ಕತ್ತಲೆಯ ಅಂಕಿಯನ್ನು ನಾವು ತಿಳಿಯುವಂತಿದೆಯೆ? ಲೆಕ್ಕವು ಒಂದೇ ದಿಕ್ಕಿಗೆ ಹರಿದರೆ ಅದು ಬರಿಯ ವಸೂಲಿಯ ಯಂತ್ರವಾದೀತು. ಎರಡು ದಿಕ್ಕಿಗೂ ಹರಿದರೆ ಮಾತ್ರ ಸರಬರಾಜಿನ ಸುಧಾರಣೆಯಾದೀತು. ಮತ್ತೊಂದು ಮಾತು. ಅಂಕಿಯು ಕಂಬ ಹತ್ತುವುದಿಲ್ಲ. ಲೈನ್‌ಮನ್ನರ ಹುದ್ದೆಗಳನ್ನು ಖಾಲಿಯಿಟ್ಟು, ಅವರಿಗೆ ಕೈಚೀಲವನ್ನೂ ಏಣಿಯನ್ನೂ ಸರಿಯಾಗಿ ಕೊಡದೆ, ಗಣಕಯಂತ್ರದ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆಗಳನ್ನು ಮೂಡಿಸಿದರೆ ಯಾರ ಮನೆಯ ದೀಪವೂ ಹತ್ತುವುದಿಲ್ಲ.

ಕಾನೂನು ಗೃಹಸ್ಥನ ಪಕ್ಷದಲ್ಲಿಯೇ ಇದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ಹೊರಡಿಸಿತು. ದಿನದ ಇಪ್ಪತ್ತನಾಲ್ಕು ಗಂಟೆಯೂ ಸರಬರಾಜು ಮಾಡತಕ್ಕದ್ದೆಂದೂ, ಕೃಷಿಯಂಥ ಕೆಲವು ವರ್ಗಗಳಿಗೆ ಮಾತ್ರ ಆಯೋಗವು ಕಡಮೆ ಗಂಟೆಗಳನ್ನು ಗೊತ್ತುಮಾಡಬಹುದೆಂದೂ, ದೂರದಿಂದಲೇ ಅಳೆಯಬಹುದಾದ ಲೋಪಗಳಿಗೆ ಗ್ರಾಹಕನು ಕೇಳದೆಯೇ ಪರಿಹಾರ ಸಲ್ಲತಕ್ಕದ್ದೆಂದೂ ಅದರಲ್ಲಿ ಹೇಳಿದೆ. ಕೇಳದೆಯೇ ಸಲ್ಲಬೇಕಾದರೆ ಲೋಪವು ಎಲ್ಲಿಯಾದರೂ ದಾಖಲಾಗಿರಬೇಕಷ್ಟೆ. ದಾಖಲೆಯಿಲ್ಲದ ಹಕ್ಕು ಸಾಕ್ಷಿಯಿಲ್ಲದ ಸಾಲದಂತೆ.

ಹಾಗಾದರೆ ಸ್ಮಾರ್ಟ್ ಮೀಟರು ಬರುವವರೆಗೆ ಕೈಕಟ್ಟಿ ಕುಳಿತಿರಬೇಕೆ? ಬೇಕಾಗಿಲ್ಲ. ಇದಕ್ಕೆ ಒಂದು ಹಳೆಯ ನೋಟುಪುಸ್ತಕವೂ ಒಂದು ಪೆನ್ಸಿಲೂ ಸಾಕು. ಪುಟದಲ್ಲಿ ನಾಲ್ಕು ಅಂಕಣಗಳನ್ನು ಗೀಚಿಕೊಳ್ಳಿರಿ: ತಾರೀಖು, ಹೋದ ಹೊತ್ತು, ಬಂದ ಹೊತ್ತು, ವಿಶೇಷ. ಕೊನೆಯ ಅಂಕಣದಲ್ಲಿ, ದೀಪ ಮಂಕಾಗಿತ್ತೆ, ಮೋಟಾರು ಎಳೆಯಿತೆ, ಪಕ್ಕದ ಬೀದಿಯಲ್ಲಿ ಕರೆಂಟಿತ್ತೆ ಎಂಬುದನ್ನು ಬರೆಯಿರಿ. ಪಕ್ಕದ ಬೀದಿಯ ಮಾತನ್ನು ಮರೆಯಬೇಡಿರಿ, ತೊಂದರೆಯು ಟಿ.ಸಿ.ಯದೋ ಫೀಡರಿನದೋ ಎಂಬುದು ಅದರಿಂದಲೇ ತಿಳಿಯುವುದು. 1912ಕ್ಕೆ ಫೋನು ಮಾಡಿ ದೂರು ಕೊಟ್ಟರೆ ಅವರು ಹೇಳುವ ದೂರಿನ ಸಂಖ್ಯೆಯನ್ನೂ ಅಲ್ಲಿಯೇ ಗುರುತು ಹಾಕಿರಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗನೋ ಹುಡುಗಿಯೋ ಇದ್ದರೆ ಈ ಕೆಲಸವನ್ನು ಅವರಿಗೇ ವಹಿಸಬಹುದು. ಸರಾಸರಿಯೆಂದರೇನು, ಅದು ಏನನ್ನು ಮುಚ್ಚಿಡುವುದು ಎಂಬ ಪಾಠವು ಶಾಲೆಯ ಪುಸ್ತಕಕ್ಕಿಂತ ಚೆನ್ನಾಗಿ ಇದರಿಂದ ಮನಸ್ಸಿಗೆ ಹತ್ತುವುದು.

ಒಂದು ಮನೆಯ ಪುಸ್ತಕವು ದೂರಾಗಬಹುದು, ಒಂದು ಟಿ.ಸಿ.ಯ ಕೆಳಗಿನ ಹತ್ತು ಮನೆಗಳ ಪುಸ್ತಕಗಳು ಕೂಡಿದರೆ ಅದು ಪ್ರಮಾಣವಾಗುವುದು. ಮೂರು ತಿಂಗಳ ಲೆಕ್ಕವನ್ನು ಒಂದು ಹಾಳೆಗೆ ಇಳಿಸಿ, ವಿದ್ಯುತ್ ಕಂಪನಿಯ ಶಾಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ದರವನ್ನು ಪರಿಷ್ಕರಿಸುವ ಮುನ್ನ ನಿಯಂತ್ರಣ ಆಯೋಗವು ಸಾರ್ವಜನಿಕರ ಅಹವಾಲನ್ನು ಕೇಳುವುದುಂಟು. ಅಲ್ಲಿ ದರ ಹೆಚ್ಚಾಯಿತೆಂದು ಕೂಗುವ ನೂರು ದನಿಗಳಿಗಿಂತ, ಕೊಟ್ಟ ದರಕ್ಕೆ ಬಂದ ಗಂಟೆಗಳೆಷ್ಟೆಂದು ತೋರಿಸುವ ಒಂದು ಹಾಳೆಯ ತೂಕವು ಹೆಚ್ಚು. ಅಧಿಕಾರಿಗಳೊಡನೆ ಜಗಳವಾಡುವುದು ಇದರ ಉದ್ದೇಶವಲ್ಲ. ತನ್ನ ಫೀಡರಿನ ಕೊನೆಯಲ್ಲಿ ಏನು ನಡೆಯುತ್ತಿದೆಯೆಂದು ಕಾಣದ ಒಳ್ಳೆಯ ಎಂಜಿನಿಯರರೂ ಇರುವರು. ಹೊಸ ಟಿ.ಸಿ. ಬೇಕೆಂದು ಮೇಲಿನವರಿಗೆ ಬರೆಯಲು ಅವರಿಗೂ ಆಧಾರ ಬೇಕು. ನಿಮ್ಮ ಹಾಳೆಯು ಅವರ ಕೈಗೆ ಬಲ ಕೊಡುವುದು.

ಶಿವನಸಮುದ್ರದಲ್ಲಿ ನದಿಯನ್ನು ಹಿಡಿದು ಬೆಳಕಾಗಿಸಿದ ಕಾಲದಲ್ಲಿ ವಿದ್ಯುತ್ತು ಬಂದುದೇ ಒಂದು ಪವಾಡವಾಗಿತ್ತು. ಎಷ್ಟು ಗಂಟೆ ಬಂತೆಂದು ಯಾರೂ ಕೇಳಲಿಲ್ಲ. ಇಂದು ಅದು ಪವಾಡವಲ್ಲ, ನಾವು ಹಣ ಕೊಟ್ಟು ಕೊಳ್ಳುವ ಪದಾರ್ಥ. ಹಾಲಿನಂತೆ, ಅಕ್ಕಿಯಂತೆ, ಅದನ್ನೂ ಅಳೆದು ಕೊಳ್ಳುವ ಅಧಿಕಾರವು ಗೃಹಸ್ಥನಿಗೆ ಇದೆ. ಅಳೆಯುವ ಹೊಣೆಯೂ ಸ್ವಲ್ಪಮಟ್ಟಿಗೆ ಅವನದೇ. ಈ ತಿಂಗಳ ಮೊದಲ ತಾರೀಖಿನಿಂದಲೇ ಆ ನಾಲ್ಕು ಅಂಕಣಗಳ ಪುಸ್ತಕವು ನಮ್ಮ ವಾಚಕರ ಮನೆಗಳಲ್ಲಿ ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಬೀಳಲಿ.